ಬೆರಳು ಮೂಡಿದ ರೊಟ್ಟಿ

ಆಗ ನನಗೆ ಹದಿನೆಂಟು. ಅದಕ್ಕೆ ಈಗ ಐವತ್ತು ವರ್ಷ ಮೀರಿತು. ಮಂಡ್ಯದ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಕೊತ್ತತ್ತಿ ದಾಟಿ, ಇನ್ನಷ್ಟು ದೂರ ನಾಲೆಯ ಏರಿಯ ಮೇಲೆ ಹೋಗಿ, ನಡು ಮಧ್ಯಾಹ್ನ ಈ ಹಳ್ಳಿಗೆ ಬಂದಾಗ ಊರಿನ ಜನ ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು. ಬೇಸಿಗೆ. ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಜಗುಲಿಯ ಮೇಲೆ, ಹುಲ್ಲಿನ ಮೆದೆಯ ಪಕ್ಕದಲ್ಲಿ, ಎಲ್ಲಿ ನೋಡಿದರೂ ಕಂಬಳಿಯ ಗಂಟು. ಗಂಟಿನೊಳಗೆ ಹಲ್ಲು ಕಟಕಟ ಎನ್ನುತ್ತಿತ್ತು. ಇದು ದೆವ್ವ ಬಡಿದ ಊರು ಎಂದುಕೊಂಡೆ.

ಗಾಡಿಯವನು ತಿರುಗಿಯೂ ನೋಡದೆ ಹೇಳಿದ: "ಚಳಿಜ್ವರ ಕಣವ್ವ. ಗಾಬ್ರಿ ಆಗ್ಬ್ಯಾಡಿ. ನಿಮ್ಗೂ ಬತ್ತದೆ."

ಬಂತು. ಅವನು ಸುಳ್ಳು ಹೇಳಿರಲಿಲ್ಲ.

ಬೆಟಗೇರಿಯ ನಮ್ಮ ಸಭೆಯವರು ನನಗೆ ಹೇಳಿ ಕಳಿಸಿದ್ದಾರೆ. ದೂರ ಹೋಗಿ ಸೇವೆ ಮಾಡಿದ ಹಿರಿಯರೆಲ್ಲ ಬರೆಯಬೇಕಂತೆ. ಸಹೋದರಿಯರ ಸ್ನೇಹ, ದೇವರ ಮೇಲಿನ ಭರವಸೆ, ಇಂಥದ್ದು. ನಾಲ್ಕನೇ ಇಯತ್ತೆ ಓದಿದವಳು ನಾನು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ. ಸಿಹಿಯಾಗಿ ಬರೆಯಲು ನನಗೆ ಬರುವುದಿಲ್ಲ. ಹಳ್ಳಿಯ ಹೆಸರೂ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇದ್ದಾರೆ, ನನಗೆ ನಮಸ್ಕಾರ ಮಾಡುತ್ತಾರೆ.

ನನ್ನ ಗಂಡ, ನಮ್ಮವರು, ಉಪದೇಶಿ. ಅಯ್ಯನವರು, ಅಂದರೆ ದೀಕ್ಷೆಯಾದ ಪಾದ್ರಿಗಳು, ಇಲ್ಲದ ಹಳ್ಳಿಯಲ್ಲಿ ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಅಕ್ಷರ ಕಲಿಸಿ, ಜ್ವರದವರಿಗೆ ಕೊಯಿನಾ ಮಾತ್ರೆ ಹಂಚುವ ಕೆಲಸ. ಮಿಶನ್ನಿನವರು ಕೊಟ್ಟ ಮನೆ ಒಂದೇ ಕೋಣೆ. ಗೋಡೆಯ ಆಚೆ ಪ್ರಾರ್ಥನೆಯ ಮನೆ. ಹುಲ್ಲಿನ ಮಾಡು, ಮಣ್ಣಿನ ನೆಲ. ಅಲ್ಲಿ ಯಾರಾದರೂ ಕೆಮ್ಮಿದರೆ ಇಲ್ಲಿ ನನ್ನ ಒಲೆಯ ಮುಂದೆ ಕೇಳುತ್ತಿತ್ತು.

ಬೆಟಗೇರಿಯಲ್ಲಿ ನಾನು ಕಂಡಿದ್ದು ಮಗ್ಗದ ಸದ್ದು, ಕರಿಮಣ್ಣು, ಬಾವಿಯ ತಳ ಕೆರೆದು ಒಂದು ಕೊಡ ನೀರು. ಇಲ್ಲಿ ಸೇದದೆ, ಹೊರದೆ, ನೀರು ತಾನಾಗಿ ಮನೆಯ ಮುಂದೆ ಹರಿದು ಹೋಗುತ್ತಿತ್ತು. ಮೊದಲನೆಯ ವಾರ ನಾನು ನಾಲೆಯ ದಡದಲ್ಲಿ ಸುಮ್ಮನೆ ಕುಳಿತು ನೋಡುತ್ತಿದ್ದೆ. ಇಷ್ಟು ನೀರು ಕೊಟ್ಟ ದೇವರನ್ನು ಸ್ತುತಿಸಿದೆ. ಆಮೇಲೆ ತಿಳಿಯಿತು, ನೀರಿನ ಹಿಂದೆ ಸೊಳ್ಳೆ ಬಂದಿತ್ತು, ಸೊಳ್ಳೆಯ ಹಿಂದೆ ಜ್ವರ. ಮಕ್ಕಳ ಹೊಟ್ಟೆಯಲ್ಲಿ ಎಡಗಡೆಗೆ ಕಲ್ಲಿನಂಥ ಗಡ್ಡೆ. ನಮ್ಮಲ್ಲಿ ಜನ ನೀರಿಲ್ಲದೆ ಸತ್ತರು. ಇಲ್ಲಿ ನೀರು ಬಂದು ಸತ್ತರು. ಸ್ತುತಿ ಮಾಡುವಾಗ ಸ್ವಲ್ಪ ಕಾಯಬೇಕು ಎಂದು ಅಂದೇ ಕಲಿತೆ.

ಮಾತೂ ಬೇರೆ. "ಬರ್ರಿ, ಕೂಡ್ರಿ" ಅಂದರೆ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರು ಮಾತನಾಡಿದರೆ ನನಗೆ ಜಗಳವಾಡಿದ ಹಾಗೆ ಕೇಳುತ್ತಿತ್ತು. ಜೋಳವೆಂಬುದು ಇಲ್ಲ. ರಾಗಿ ಮುದ್ದೆ. ಮೊದಲ ದಿನ ನಾನು ಅದನ್ನು ಅಗಿದೆ. ಎದುರು ಕುಳಿತಿದ್ದವಳು ತನ್ನ ತೊಡೆ ಬಡಿದುಕೊಂಡಳು.

"ಅಯ್ಯೋ, ಅಗೀಬ್ಯಾಡ ಕಣವ್ವ! ಅದೇನು ಎಲೆ ಅಡ್ಕೆನಾ? ಸಾರಲ್ಲಿ ಅದ್ದು, ಗಂಟ್ಲಿಗೆ ಬುಡು, ತಾನೇ ಓಯ್ತದೆ."

ಅವಳು ಕೆಂಪಿ. ದೀಕ್ಷಾಸ್ನಾನದಲ್ಲಿ ಮಾರ್ತ ಎಂದು ಹೆಸರಿಟ್ಟಿದ್ದರು. ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಹೊಲಗೇರಿಯವಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಗಂಡ ಇದೇ ಜ್ವರದಲ್ಲಿ ಹೋಗಿದ್ದ. ಒಂದು ಹೆಣ್ಣು ಕೂಸು ಇತ್ತು. ಗದ್ದೆಯ ಕೂಲಿ ಮುಗಿಸಿ ದಿನಾ ನನ್ನ ಹಿತ್ತಲಿಗೆ ಬರುತ್ತಿದ್ದಳು. ಮುದ್ದೆ ತಿರುವುವುದು, ಹುರುಳಿ ಸಾರು ಕಟ್ಟುವುದು, ನಾಟಿಯ ಗದ್ದೆಯಲ್ಲಿ ಕಾಲಿಗೆ ಹತ್ತಿದ ಜಿಗಣೆಗೆ ಸುಣ್ಣ ಮುಟ್ಟಿಸುವುದು, ಎಲ್ಲಾ ಅವಳೇ ಕಲಿಸಿದ್ದು. ನಾನು ಅವಳಿಗೆ ಹಾಡು ಕಲಿಸಿದೆ. ಅವಳಿಗೆ ರಾಗ ನಿಲ್ಲುತ್ತಿರಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.

ಅವಳ ಪ್ರಾರ್ಥನೆ ಕೇಳಿದರೆ ನಮ್ಮವರು ಹುಬ್ಬು ಗಂಟು ಹಾಕುತ್ತಿದ್ದರು. ನಾವು ಪುಸ್ತಕದ ಮಾತಿನಲ್ಲಿ "ಕೃಪಾಳುವಾದ ತಂದೆಯೇ" ಎಂದು ಶುರು ಮಾಡುವವರು. ಅವಳು ಎದುರು ಮನೆಯವನನ್ನು ಕೂಗಿದ ಹಾಗೆ ಕೂಗುತ್ತಿದ್ದಳು: "ಸ್ವಾಮಿ, ಕೂಸಿಗೆ ಮತ್ತೆ ಜ್ವರ ಬಂದದೆ. ನೀನು ನೋಡ್ತಾ ಇದ್ದೀಯ ಅಂತ ಉಪದೇಸಿ ಯೋಳ್ತಾರೆ. ನೋಡ್ತಾ ಕುಂತ್ರೆ ಆಗಕಿಲ್ಲ. ಎದ್ದು ಬಾ."

ಭರವಸೆ ಎಂದರೆ ಏನೆಂದು ನಮ್ಮವರು ಎಷ್ಟೋ ಸಲ ಪ್ರಸಂಗ ಮಾಡಿದರು. ನನಗೆ ನೆನಪಿರುವುದು ಇದೊಂದೇ. ಬರುತ್ತಾನೆ ಎಂದು ನಂಬಿದವರು ಮಾತ್ರ ಹಾಗೆ ಗದರಿಸಿ ಕರೆಯುವುದು.

ಸಭೆಯಲ್ಲಿ ಕೇರಿಯವರೇ ಹೆಚ್ಚು. ಊರಿನ ಕಡೆಯಿಂದ ಬಂದದ್ದು ಒಂದೇ ಮನೆ, ಯೋಹಾನಗೌಡರದು. ಅವರ ಮಗ ಸಾಯುವ ಸ್ಥಿತಿಯಲ್ಲಿದ್ದಾಗ ಮಿಶನ್ ಆಸ್ಪತ್ರೆಯಲ್ಲಿ ಬದುಕಿ ಉಳಿದಿದ್ದ. ಗೌಡರು ಮಾತು ಕೊಟ್ಟಿದ್ದರು, ಮಾತಿನಂತೆ ಬಂದರು. ಅದಕ್ಕಾಗಿ ಅವರು ಪಟ್ಟ ಪಾಡನ್ನು ನಾನು ಮುಚ್ಚುವುದಿಲ್ಲ. ಒಡಹುಟ್ಟಿದ ಅಣ್ಣನೇ ತೂಬು ಮುಚ್ಚಿ ಒಂದು ಬೆಳೆಯ ಕಾಲ ಅವರ ಗದ್ದೆಗೆ ನೀರು ಬಿಡಲಿಲ್ಲ. ಮಗಳನ್ನು ಕೇಳಲು ಯಾರೂ ಬರಲಿಲ್ಲ. ಪ್ರಾರ್ಥನೆಯ ಮನೆ ನಿಂತ ಜಾಗ ಅವರದು. ತೊಲೆ ಅವರದು. ಕೇರಿಯ ಅರ್ಧ ಜನ ಕೂಲಿ ಮಾಡುವ ಗದ್ದೆಯೂ ಅವರದೇ. ದೊಡ್ಡ ಮನುಷ್ಯ. ಆದರೆ ಕೇರಿಯವರ ಕೈಯಿಂದ ಒಂದು ಲೋಟ ನೀರು ಕುಡಿದವರಲ್ಲ. ಮೂರು ತಿಂಗಳಿಗೊಮ್ಮೆ ಅಯ್ಯನವರು ಮಂಡ್ಯದಿಂದ ಬಂದು ಕರ್ತನ ಭೋಜನ ಕೊಡುವಾಗ, ರೊಟ್ಟಿಯ ತುಂಡೂ ಪಾತ್ರೆಯ ರಸವೂ ಮೊದಲು ಗೌಡರ ಮನೆಯವರಿಗೆ, ಆಮೇಲೆ ಮಿಕ್ಕವರಿಗೆ. ಯಾರೂ ಹಾಗೆಂದು ಹೇಳಿರಲಿಲ್ಲ. ಯಾರೂ ಬೇಡ ಎಂದೂ ಹೇಳಿರಲಿಲ್ಲ.

ಆ ರೊಟ್ಟಿ ಮಾಡುವ ಕೆಲಸ ನನ್ನದು. ಅದು ನನ್ನ ಪಾಲಿಗೆ ಬಂದ ಕಾರಣ ಕೇಳಿ. ಬಂದ ಹೊಸತರಲ್ಲಿ ಗೌಡರ ಹೆಂಡತಿ ರಾಹೇಲಮ್ಮ ನನ್ನನ್ನು ಕೇಳಿದ್ದರು: "ನಿಮ್ದು ಯಾವ ಜಾತಿ ಉಪದೇಸಮ್ಮ?"

"ಕ್ರೈಸ್ತರು."

"ಅದು ನಮ್ದೂ ಅದೆಯ. ಅದಕ್ಕೂ ಮೊದ್ಲು?"

ನನಗೆ ಗೊತ್ತಿರಲಿಲ್ಲ. ಊರೂರೇ ಬರಿದಾದ ಡೋಗಿ ಬರದಲ್ಲಿ ನನ್ನ ಅಜ್ಜಿಯನ್ನು ಹಾದಿಯ ಬದಿಯಿಂದ ಎತ್ತಿಕೊಂಡು ಬಂದು ಮಿಶನ್ನಿನವರು ಸಾಕಿದರು. ಅವಳಿಗೆ ಆಗ ಮಾತೇ ಬರುತ್ತಿರಲಿಲ್ಲ, ಜಾತಿ ಎಲ್ಲಿಂದ ಹೇಳಬೇಕು? ಅದನ್ನೇ ಹೇಳಿದೆ. ರಾಹೇಲಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಗೊತ್ತಿಲ್ಲ ಅಂದ್ರೆ ಆಯ್ತು ಬುಡಿ" ಎಂದರು. ಗೊತ್ತಿಲ್ಲದ ಜಾತಿ ಎಲ್ಲರಿಗೂ ಅನುಕೂಲವಾಯಿತು. ಗೌಡರ ಮನೆಯವರಿಗೆ ನಾನು ನೇಕಾರರವಳು, ಕೇರಿಯವರಿಗೆ ನಾನು ಅವರವಳು. ರೊಟ್ಟಿ ನನ್ನ ಕೈಯದಾದರೆ ಯಾರ ಗಂಟಲಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ.

ಗೋಧಿ ಇಲ್ಲಿ ಸಿಗುತ್ತಿರಲಿಲ್ಲ. ರೈಲಿನಲ್ಲಿ ಈ ಕಡೆ ಬರುವವರ ಕೈಯಲ್ಲಿ ನನ್ನವ್ವ ಗಂಟು ಕಟ್ಟಿ ಕಳಿಸುತ್ತಿದ್ದಳು. ಬೀಸಿ, ಜರಡಿ ಹಿಡಿದು, ಮದುವೆಯಲ್ಲಿ ಅವ್ವ ಕೊಟ್ಟ ಲಟ್ಟಣಿಗೆಯಲ್ಲಿ ತೆಳ್ಳಗೆ ಉದ್ದಿ, ಚಂದ್ರನ ಹಾಗೆ ಗುಂಡಗೆ ಮಾಡುತ್ತಿದ್ದೆ. ಮತ್ತಿ ಮರದ ಲಟ್ಟಣಿಗೆ ಅದು. ಬೆಟಗೇರಿಯಿಂದ ನನ್ನ ಜೊತೆ ಬಂದದ್ದು ಅದು, ಒಂದು ಕೌದಿ, ಒಂದು ಸತ್ಯವೇದ ಪುಸ್ತಕ, ಇಷ್ಟೇ.

ಯುದ್ಧ ನಡೆಯುತ್ತಿದ್ದ ಕಾಲ. ಒಂದು ಸಲ ಭೋಜನದ ಭಾನುವಾರವೇ ನನ್ನ ಜ್ವರದ ದಿನವಾಯಿತು. ಇಲ್ಲಿನ ಜ್ವರ ದಿನ ಬಿಟ್ಟು ದಿನ ಬರುತ್ತದೆ. ಒಂದು ದಿನ ಹೆಣ, ಮರುದಿನ ಎದ್ದು ಬಟ್ಟೆ ಒಗೆಯಬಹುದು. ನಮ್ಮವರು ಅಯ್ಯನವರನ್ನು ಕರೆತರಲು ನಸುಕಿನಲ್ಲೇ ಗಾಡಿ ಹೂಡಿಕೊಂಡು ಹೋಗಿದ್ದರು. ಹಿಟ್ಟು ಕಲಸಿಟ್ಟಿದ್ದೆ, ಅಷ್ಟರಲ್ಲಿ ಚಳಿ ಶುರುವಾಯಿತು. ಕೆಂಪಿ ಬಂದು ಕೌದಿಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಗೋಣಿ ಹಾಕಿದಳು.

"ರೊಟ್ಟಿ?" ಎಂದೆ.

"ಬುಡವ್ವ, ನಾನು ಮಾಡ್ತೀನಿ. ಈ ಕೋಲು ಯಾತಕ್ಕೆ?"

"ಲಟ್ಟಣಿಗಿ. ಉದ್ದಾಕ."

"ದೇವ್ರು ಕಯ್ ಕೊಟ್ಟವ್ನಲ್ಲ, ಕೋಲ್ಯಾಕೆ?" ಎಂದು ಅದನ್ನು ಪಕ್ಕಕ್ಕೆ ಸರಿಸಿದಳು. ರಾಗಿ ರೊಟ್ಟಿ ತಟ್ಟುವ ಹಾಗೆ ಬಾಳೆ ಎಲೆಯ ಮೇಲೆ ಗೋಧಿ ಹಿಟ್ಟನ್ನು ಒತ್ತಿ ಒತ್ತಿ ತಟ್ಟಿದಳು. ದಪ್ಪಗೆ, ಒಂದು ಕಡೆ ಸೊಟ್ಟಗೆ. ಬೆಂದ ಮೇಲೂ ಐದು ಬೆರಳಿನ ಗುಳಿ ಹಾಗೆಯೇ ಮೂಡಿತ್ತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಜ್ವರವಿಲ್ಲದಿದ್ದರೂ ಕಾಣುತ್ತಿರಲಿಲ್ಲ. ರೊಟ್ಟಿ ರೊಟ್ಟಿಯೇ.

ಪ್ರಾರ್ಥನೆಯ ಹೊತ್ತಿಗೆ ಚಳಿ ಬಿಟ್ಟು ಬಿಸಿ ಏರಿತ್ತು. ಕಂಬಳಿ ಸುತ್ತಿಕೊಂಡೇ ಹೋಗಿ ಹಿಂದಿನ ಗೋಡೆಗೆ ಒರಗಿ ಕುಳಿತೆ. ಅಯ್ಯನವರು ಮೇಜಿನ ಮೇಲಿನ ಬಿಳಿಯ ವಸ್ತ್ರ ತೆಗೆದರು. ಎದುರಿಗೆ ಕುಳಿತಿದ್ದ ರಾಹೇಲಮ್ಮ ತಟ್ಟೆಯನ್ನು ನೋಡಿದರು. ಮತ್ತೊಮ್ಮೆ ಕತ್ತು ಚಾಚಿ ನೋಡಿದರು. ಆಮೇಲೆ, ಅಯ್ಯನವರು ಬಾಯಿ ತೆರೆಯುವ ಮೊದಲೇ, ಸಂತೆಯಲ್ಲಿ ಕೇಳಿದ ಹಾಗೆ ಕೇಳಿದರು:

"ಈ ರೊಟ್ಟಿ ಯಾರು ತಟ್ಟಿದ್ದು?"

ಅವರೇ ಮುಂದುವರಿಸಿದರು: "ಉಪದೇಸಮ್ಮ ತಟ್ಟಕಿಲ್ಲ, ಉದ್ದುತ್ತಾರೆ. ಇದು ಯಾರ ಕಯ್ಯಿ?"

"ನನ್ನ ಕಯ್ಯಿ ಕಣವ್ವ" ಎಂದಳು ಕೆಂಪಿ. ಅವಳಿಗೆ ಇನ್ನೂ ತಿಳಿದಿರಲಿಲ್ಲ. ಹೊಗಳುತ್ತಾರೆಂದೇ ತಿಳಿದಿದ್ದಳೋ ಏನೋ, ಸ್ವಲ್ಪ ನಗುತ್ತಲೇ ಹೇಳಿದಳು. "ಉಪದೇಸಮ್ಮನಿಗೆ ಜ್ವರ ಬಂದಿತ್ತು."

ರಾಹೇಲಮ್ಮ ಎದ್ದರು. ಸೊಸೆ ಎದ್ದಳು, ಮಗ ಎದ್ದ. ಗೌಡರು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕುಳಿತಿದ್ದು, ಟವೆಲು ಹೆಗಲಿಗೆ ಹಾಕಿಕೊಂಡು ಅವರೂ ಎದ್ದರು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾಳೆ ಬೆಳಿಗ್ಗೆ ಅವರು ಇಳಿಯಬೇಕಾದ ಗದ್ದೆ ಗೌಡರದು. ಅಯ್ಯನವರು ವಸ್ತ್ರವನ್ನು ಮತ್ತೆ ರೊಟ್ಟಿಯ ಮೇಲೆ ಮುಚ್ಚಿದರು. "ಇವತ್ತು ಬೇಡ, ಮುಂದಿನ ಸಲ ನೋಡೋಣ" ಎಂದರು. ಶವದ ಮುಖ ಮುಚ್ಚುವವರು ಇನ್ನೂ ಮೆಲ್ಲಗೆ ಮುಚ್ಚುತ್ತಾರೆ.

ಅಂದು ಇಳಿಹೊತ್ತು ನನ್ನ ಕೋಣೆಯಲ್ಲೇ ಪಂಚಾಯಿತಿ. ಅಯ್ಯನವರು ಕುರ್ಚಿಯಲ್ಲಿ, ನಮ್ಮವರು ನಿಂತುಕೊಂಡು, ಗೌಡರು ಹೊಸಿಲ ಹತ್ತಿರ. ನಾನು ಮೂಲೆಯಲ್ಲಿ ಕಂಬಳಿಯೊಳಗೆ. ಹಿತ್ತಲಲ್ಲಿ ಕೆಂಪಿ ನನಗೆ ಕಷಾಯ ಕುದಿಸುತ್ತಿದ್ದಳು. ಅವಳು ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು. ಹೊಗೆ ಒಳಗೇ ಬರುತ್ತಿತ್ತು. ಆದರೂ ಯಾರೂ ದನಿ ತಗ್ಗಿಸಲಿಲ್ಲ.

ಗೌಡರು ಹೇಳಿದ್ದು ಇಷ್ಟು: "ಅಯ್ಯ, ಜಾತಿ ಬುಟ್ಟೆ. ನೆಂಟ್ರ ಬುಟ್ಟೆ. ಮನೆದೇವ್ರ ಬುಟ್ಟೆ. ಎಲ್ಲಾ ಬುಟ್ಟೆ. ಈ ಗಂಟ್ಲು ಒಂದು ಮಾತು ಕೇಳಕಿಲ್ಲ. ನಾನೇನ್ ಮಾಡ್ಲಿ? ನಮ್ಮ ಮನೇವ್ರು ಇನ್ನು ಬರಕಿಲ್ಲ ಅಂತವ್ರೆ. ಜಾಗ ವಾಪಸ್ ಕೇಳಾಕೆ ನನಗೂ ಮನಸಿಲ್ಲ."

ಜಾಗದ ಮಾತು ಬಂದ ಮೇಲೆ ಅಯ್ಯನವರು ಹೆಚ್ಚು ಹೊತ್ತು ಯೋಚಿಸಲಿಲ್ಲ. ಸಭೆ ಎಳೆಯದು, ಒಡೆಯಬಾರದು, ಬಲಹೀನರಾದ ಸಹೋದರರನ್ನು ತಾಳಿಕೊಳ್ಳಬೇಕು ಎಂದರು. ಬಲಹೀನರೆಂದರೆ ಯಾರೆಂದು ನಾನು ಗೌಡರ ಕಡೆ ನೋಡಿದೆ. ಮಾರ್ತಳು ಇನ್ನು ಮೇಜಿನ ಸಾಮಾನು ಮುಟ್ಟಬಾರದು, ತಿಳಿಯದೆ ಮಾಡಿದೆನೆಂದು ಮುಂದಿನ ಭಾನುವಾರ ಸಭೆಯ ಮುಂದೆ ಒಂದು ಮಾತು ಹೇಳಬೇಕು. ಅದು ತೀರ್ಮಾನ.

ನಮ್ಮವರು ನನ್ನ ಕಡೆ ಬಗ್ಗಿದರು. "ನೀನ ಆಕಿಗೆ ತಿಳಿಸಿ ಹೇಳು. ನಿನ್ನ ಮಾತು ಕೇಳ್ತಾಳ."

"ನಾ ಹೇಳಂಗಿಲ್ಲ" ಎಂದೆ. "ಹೇಳೂದಿದ್ರ ನೀವು ಹೇಳ್ರಿ. ಆಕಿ ಹಿತ್ತಲದಾಗ ಅದಾಳ."

ಹೇಳುವ ಅಗತ್ಯ ಬೀಳಲಿಲ್ಲ. ಕೆಂಪಿ ಕಷಾಯದ ಲೋಟ ಹಿಡಿದು ಒಳಗೆ ಬಂದಳು. ಗೌಡರು ಕಾಲು ಎಳೆದುಕೊಂಡರು. ಅವಳು ಲೋಟವನ್ನು ನನ್ನ ತಲೆಯ ಹತ್ತಿರ ಇಟ್ಟಳು.

"ಕುಡಿ. ಕಹಿ ಅದೆ." ಆಮೇಲೆ ಗೌಡರ ಕಡೆ ತಿರುಗಿ, ಬೈಗುಳವಿಲ್ಲದೆ, ಲೆಕ್ಕ ಕೇಳಿದ ಹಾಗೆ ಕೇಳಿದಳು: "ಗೌಡ್ರೆ, ನಿಮ್ಮ ಗದ್ದೆ ನಾಟಿ ಮಾಡಿದ್ದು ಈ ಕಯ್ಯಿ. ಕಳೆ ಕಿತ್ತಿದ್ದು ಈ ಕಯ್ಯಿ. ಆ ಅಕ್ಕಿ ಗಂಟ್ಲಲ್ಲಿ ಇಳೀತದಲ್ಲ?"

ಅಯ್ಯನವರು, "ಮಾರ್ತ, ಸಮಾಧಾನ" ಎಂದರು.

"ಸಮಾದಾನವಾಗೇ ಇವ್ನಿ ಅಯ್ಯ." ಮೂಲೆಯಲ್ಲಿ ಬಿಳಿಯ ವಸ್ತ್ರ ಮುಚ್ಚಿದ ತಟ್ಟೆ ಇತ್ತು. ವಸ್ತ್ರವನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಳು. ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಇದು ಯಾರ್ಗೂ ಬ್ಯಾಡ. ಕೇರಿ ಕೂಸುಗಳಿಗೆ ಆಯ್ತದೆ. ಅಂಚ್ಕೊಂಡು ತಿನ್ನಿ ಅಂತ ತಾನೆ ಸ್ವಾಮಿ ಅಂದಿದ್ದು?"

ಹಿತ್ತಲ ಬಾಗಿಲಿನಿಂದ ಹೋದಳು. ಆ ರೊಟ್ಟಿ ಯಾವ ಯಾವ ಮಕ್ಕಳು ತಿಂದವೋ ನನಗೆ ತಿಳಿಯದು. ನನ್ನ ಲೆಕ್ಕದಲ್ಲಿ ಆ ದಿನ ಕರ್ತನ ಭೋಜನ ನಡೆದದ್ದು ಅಲ್ಲಿ.

ಮುಂದಿನ ಭಾನುವಾರ ಗೌಡರ ಮನೆಯವರು ಬಂದು ತಮ್ಮ ಜಾಗದಲ್ಲಿ ಕುಳಿತರು. ಕೇರಿಯವರೂ ಬಂದರು. ಕೆಂಪಿ ಬರಲಿಲ್ಲ. ಅವಳ ಹಾಡು ಇಲ್ಲದೆ ಸಭೆಯ ರಾಗ ಸರಿಯಾಗಿಯೇ ಕೇಳಿಸಿತು. ಆ ತಿಂಗಳು ಮುಗಿಯುವುದರೊಳಗೆ ಗೌಡರ ಗದ್ದೆಯಲ್ಲಿ ಅವಳಿಗೆ ಕೂಲಿ ನಿಂತಿತು. ಯಾರು ನಿಲ್ಲಿಸಿದರು ಎಂದು ಕೇಳಿದರೆ ಯಾರೂ ನಿಲ್ಲಿಸಿರಲಿಲ್ಲ. ಕೂಸನ್ನು ಕಂಕುಳಿಗೆ ಹಾಕಿಕೊಂಡು ಮಳವಳ್ಳಿಯ ಕಡೆ ತಮ್ಮನ ಊರಿಗೆ ಹೊರಟು ಹೋದಳು. ಈ ಮಣ್ಣಿನಲ್ಲಿ ಹುಟ್ಟಿದವಳು ಹೋದಳು. ಎಲ್ಲಿಂದಲೋ ಬಂದ ನಾನು ಉಳಿದೆ.

ಮತ್ತೆ ಅವಳನ್ನು ಕಂಡದ್ದು ಒಂದೇ ಸಲ, ಸ್ವಾತಂತ್ರ್ಯ ಬಂದ ವರ್ಷ, ಮದ್ದೂರಿನ ಸ್ಟೇಷನ್ನಿನ ಹೊರಗೆ. ಅಷ್ಟು ಹೊತ್ತಿಗೆ ನಮ್ಮವರನ್ನೂ ಜ್ವರ ತಿಂದಿತ್ತು. ಅವಳು ತಲೆಯ ಮೇಲೆ ಹುಣಸೆಹಣ್ಣಿನ ಕುಕ್ಕೆ ಹೊತ್ತಿದ್ದಳು. ನನ್ನ ಬರಿಯ ಹಣೆ, ಬರಿಯ ಕೈ ಅವಳಿಗೆ ಹೊಸದಲ್ಲ, ನಾವು ಮೊದಲಿನಿಂದಲೂ ಹಾಗೆ. ಆದರೂ ಮುಖ ನೋಡಿ ತಿಳಿದುಕೊಂಡಳು.

"ಉಪದೇಸಿ ಓದ್ರಾ?"

"ಹೋದ್ರು."

"ಒಳ್ಳೇವ್ರು. ಎದೆ ಇರ್ನಿಲ್ಲ ಅಷ್ಟೆಯ." ಕುಕ್ಕೆ ಇಳಿಸಿ ನನ್ನ ಪಕ್ಕ ಕುಳಿತಳು. "ಇನ್ನೂ ರೊಟ್ಟಿ ನೀನೇ ಉದ್ದುತ್ತೀಯ?"

"ಉದ್ದಲ್ಲ, ತಟ್ತೀನಿ" ಎಂದೆ. ಆ ಹೊತ್ತಿಗೆ ನನ್ನ ಬಾಯಿಗೂ ಈ ಕಡೆಯ ಮಾತು ಬಂದಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. "ಬೆರಳು ಮೂಡ್ತದಾ?"

"ಮೂಡ್ತದೆ."

"ರಾಹೇಲಮ್ಮ ತಿಂತಾಳಾ?"

"ತಿಂತಾಳೆ. ಬೇರೆ ದಾರಿ ಇಲ್ಲ."

ತೊಡೆ ಬಡಿದುಕೊಂಡು ನಕ್ಕಳು, ಹಳೆಯ ನಗುವೇ. ನಾನು ಬಾ ಎಂದೆ. ಸಭೆಗೆ ಬಾ, ಈಗ ಯಾರೂ ಏನೂ ಅನ್ನುವುದಿಲ್ಲ ಎಂದೆ.

"ಬರಕಿಲ್ಲ ಕಣವ್ವ. ಸ್ವಾಮಿ ಮ್ಯಾಲೆ ನಂಗೆ ಕ್ವಾಪ ಇಲ್ಲ. ದಿನಾ ಕೂಗ್ತೀನಿ, ಕೂಸು ಬದುಕ್ಕೊಂಡದೆ. ಕ್ವಾಪ ಅವನ ಮನೇವ್ರ ಮ್ಯಾಲೆ." ಕುಕ್ಕೆ ಎತ್ತಲು ನಾನು ಕೈ ಕೊಟ್ಟೆ. ಎತ್ತಿಕೊಂಡು ಹೋದಳು. ತಿರುಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ನಾನೇಕೆ ಊರಿಗೆ ವಾಪಸು ಬರಲಿಲ್ಲ ಎಂದು ನೀವು ಕೇಳಿದ್ದೀರಿ. ಬಂದಿದ್ದೆ. ಅವ್ವ ಸತ್ತಾಗ ಬಂದಿದ್ದೆ. ಜೋಳದ ರೊಟ್ಟಿಗೆ ದವಡೆ ನೋವು ಬಂತು. ಬಾವಿಯ ಹತ್ತಿರ "ಬುಡು ಕಣಮ್ಮ" ಎಂದದ್ದಕ್ಕೆ ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಲ್ಲಿ ನಾನು ಈಗಲೂ ಬೆಟಗೇರಿ ಅಮ್ಮ. ಅಲ್ಲಿ ಮಂಡ್ಯದವ್ವ. ಸ್ವರ್ಗದಲ್ಲಿ ಏನೆಂದು ಕರೆಯುತ್ತಾರೋ ನೋಡಬೇಕು. ಅಲ್ಲಿಯೂ ಗೌಡರ ಮನೆಯವರನ್ನು ಮುಂದೆ ಕೂರಿಸಿದ್ದರೆ ನಾನು ಕೆಂಪಿಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತೇನೆ.

ದೇವರ ಮೇಲೆ ಭರವಸೆ ಇದೆಯೇ ಎಂದರೆ, ಇದೆ. ಗೌಡರ ತೊಲೆಯ ಕೆಳಗೆ ಇಷ್ಟು ವರ್ಷ ಕಸ ಗುಡಿಸಿದ್ದೇನೆ. ಇಲ್ಲದಿದ್ದರೆ ಗುಡಿಸುತ್ತಿರಲಿಲ್ಲ. ಆದರೆ ಅದು ನಮ್ಮವರ ಪ್ರಸಂಗದಿಂದ ಬಂದದ್ದಲ್ಲ, ಅಯ್ಯನವರಿಂದ ಬಂದದ್ದಲ್ಲ. ಒಬ್ಬಳು ಹಿತ್ತಲಲ್ಲಿ ನಿಂತು ಅವನನ್ನು ಗದರಿಸಿ ಕರೆದದ್ದನ್ನು ಕೇಳಿದ್ದರಿಂದ ಬಂದದ್ದು. ಈಗಿನ ಹುಡುಗ ಅಯ್ಯನವರು ಒಮ್ಮೆ ಕೇಳಿದರು, ಈ ಸಭೆಯಲ್ಲಿ ಮಾತ್ರ ಭೋಜನದ ರೊಟ್ಟಿಯ ಮೇಲೆ ಯಾಕೆ ಬೆರಳಿನ ಗುಳಿ ಇರುತ್ತದೆ ಎಂದು. ನಾನು ಕಲಿಸಿದ ಹೆಂಗಸರಿಗೂ ಗೊತ್ತಿಲ್ಲ. ಅದು ಹೀಗೆ.

ಪಂಚಾಯಿತಿ ನಡೆದ ಆ ಭಾನುವಾರದ ಮಾರನೆಯ ದಿನ ನನ್ನ ಜ್ವರದ ಬಿಡುವಿನ ದಿನ. ನಮ್ಮವರು ಅಯ್ಯನವರನ್ನು ಮಂಡ್ಯಕ್ಕೆ ಬಿಡಲು ಹೋಗಿದ್ದರು. ಎದ್ದೆ. ಒಲೆ ಕೆದಕಿ ಕೆಂಡ ಊದಿದೆ. ಅವ್ವ ಕೊಟ್ಟ ಲಟ್ಟಣಿಗೆಯನ್ನು ಮೂಲೆಯಿಂದ ತೆಗೆದು ಒಲೆಗೆ ಇಟ್ಟೆ. ಒಳ್ಳೆಯ ಮರ, ಹತ್ತಿಕೊಳ್ಳಲು ಹೊತ್ತು ಹಿಡಿಯಿತು. ಇನ್ನು ಈ ಸಭೆಯಲ್ಲಿ ಯಾರು ಮಾಡಿದರೂ ತಟ್ಟಿಯೇ ಮಾಡಬೇಕು. ಯಾರ ಕೈ ಎಂದು ಗುರುತು ಹಿಡಿಯಲು ಯಾರಿಗೂ ಆಗಬಾರದು. ಅದು ಚೆನ್ನಾಗಿ ಉರಿ ಹಿಡಿದ ಮೇಲೆ, ಆ ಉರಿಯ ಮೇಲೆಯೇ ಮುದ್ದೆಗೆ ಎಸರಿಟ್ಟೆ.